ಸದಸ್ಯತ್ವವೋ ಸಂಭವನೀಯತೆಯೋ: ದ್ವಿಭಾಷಿಕರ ವರ್ಗೀಕರಣದಲ್ಲಿ ಎರಡು ರಿಗ್ರೆಷನ್ ವಿಧಾನಗಳು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಹಾಗೂ ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ಮನೆಯಲ್ಲಿ ತೆಲುಗನ್ನೂ ಶಾಲೆ, ಕಚೇರಿಗಳಲ್ಲಿ ಕನ್ನಡವನ್ನೂ ಆಡುವವರು ಅನೇಕರು. ಕೈವಾರದ ನಾರೇಯಣ ತಾತಯ್ಯನವರು ಎರಡೂ ಭಾಷೆಗಳಲ್ಲಿ ರಚನೆ ಮಾಡಿದ ನೆಲವಿದು. ಜನಗಣತಿಯಾದರೋ ಒಬ್ಬರಿಗೆ ಒಂದೇ ಮಾತೃಭಾಷೆಯನ್ನು ದಾಖಲಿಸುತ್ತದೆ. ಇಂಥವರ ಕನ್ನಡ ಉಚ್ಚಾರಣೆಯನ್ನು ಅಳೆಯುವ ಸಂಖ್ಯಾಶಾಸ್ತ್ರೀಯ ಮಾದರಿಯೂ ಹಾಗೆಯೇ ಮಾಡಬೇಕೇ ಎಂಬುದು ನಮ್ಮ ಪ್ರಶ್ನೆ.

ಮಾತಿನ ವೇಗ ಹೆಚ್ಚಿದಂತೆ ದೀರ್ಘಸ್ವರದ ಅವಧಿ ಎಷ್ಟು ಕುಗ್ಗುತ್ತದೆ ಎಂಬ ಸಂಬಂಧವನ್ನು ತೆಗೆದುಕೊಳ್ಳೋಣ. ಗುಂಪು ಎರಡಿದ್ದರೆ ರಿಗ್ರೆಷನ್ ರೇಖೆಗಳೂ ಎರಡು. ಡಿಸಾರ್ಬೊ ಮತ್ತು ಕ್ರಾನ್ 1988ರಲ್ಲಿ ಮಂಡಿಸಿದ ಸಂಭವನೀಯತಾ ಮಾದರಿಯಲ್ಲಿ ಪ್ರತಿಯೊಬ್ಬರೂ ವಾಸ್ತವದಲ್ಲಿ ಒಂದೇ ಗುಂಪಿಗೆ ಸೇರಿದವರು, 0.5 ಎಂದರೆ ಯಾವ ಗುಂಪೆಂದು ನಮಗೆ ತಿಳಿಯದು ಎಂದಷ್ಟೇ ಅರ್ಥ. ಹ್ಯಾಥವೇ ಮತ್ತು ಬೆಜ್‌ಡೆಕ್ 1993ರಲ್ಲಿ ಮಂಡಿಸಿದ ಫಜಿ ವಿಧಾನದಲ್ಲಿ ಅದೇ 0.5 ಎಂದರೆ ಆ ವ್ಯಕ್ತಿ ಎರಡಕ್ಕೂ ಸಮನಾಗಿ ಸೇರಿದ್ದಾರೆ. ಮೊದಲನೆಯದು ಸಂಶೋಧಕರ ಅಜ್ಞಾನದ ಅಳತೆ, ಎರಡನೆಯದು ಭಾಷಿಕರ ಸ್ಥಿತಿಯ ಅಳತೆ.

ಈ ಭೇದ ಕೇವಲ ತಾತ್ತ್ವಿಕವಲ್ಲ. ಒಂದು ಕಾಲ್ಪನಿಕ ಲೆಕ್ಕ: ಒಬ್ಬರಿಂದ 60 ಉಚ್ಚಾರಗಳನ್ನು ಪಡೆದಿದ್ದೇವೆ; ಮೊದಲ ರೇಖೆಯಿಂದ ಅವುಗಳ ವಿಚಲನದ ವರ್ಗದ ಸರಾಸರಿ 1, ಎರಡನೆಯದರಿಂದ 1.2, ಎರಡೂ ಗುಂಪುಗಳ ವೇರಿಯನ್ಸ್ 1, ಗಾತ್ರ ಸಮಾನ. ಸಂಭವನೀಯತಾ ಮಾದರಿಯಲ್ಲಿ ಪ್ರತಿ ಉಚ್ಚಾರದ ಸಣ್ಣ ಒಲವು ಗುಣಿಸುತ್ತ ಹೋಗಿ, ಆ ವ್ಯಕ್ತಿ ಮೊದಲ ಗುಂಪಿನವರಾಗಿರುವ ಸಂಭವನೀಯತೆ 0.998 ಆಗುತ್ತದೆ. ಫಜಿ ಘಾತವನ್ನು ರೂಢಿಯಂತೆ 2 ಎಂದಿಟ್ಟು, ವರ್ಗಗಳನ್ನು ವ್ಯಕ್ತಿವಾರು ಕೂಡಿಸಿದರೆ ಸದಸ್ಯತ್ವ ಕೇವಲ 0.55. ಹೆಚ್ಚು ಧ್ವನಿಮುದ್ರಿಸಿದಷ್ಟೂ ಮೊದಲ ಮಾದರಿ ನಡುವಿನವರನ್ನು ಒಂದು ಬದಿಗೆ ತಳ್ಳುತ್ತದೆ. ಕ್ಷೇತ್ರಕಾರ್ಯದ ಶ್ರಮಕ್ಕೆ ಇದು ವಿಚಿತ್ರ ಪ್ರತಿಫಲ!

ಇದಕ್ಕೆ ಕಾರಣ, ಒಬ್ಬರ ಉಚ್ಚಾರಗಳನ್ನು ಪರಸ್ಪರ ಸ್ವತಂತ್ರವೆಂದು ಭಾವಿಸಿರುವುದು. ವ್ಯಕ್ತಿಗತ ವ್ಯತ್ಯಾಸಕ್ಕೆ ಮಾದರಿಯಲ್ಲೇ ಒಂದು ಪದವನ್ನು ಸೇರಿಸಿದರೆ ಈ ಅತಿನಿಶ್ಚಯ ಬಹುಮಟ್ಟಿಗೆ ತಗ್ಗುತ್ತದೆ. ಹಾಗೆಂದು ಫಜಿ ಸಂಖ್ಯೆಯೂ ನಿರ್ದೋಷಿಯಲ್ಲ: ಘಾತವನ್ನು 1.5 ಮಾಡಿದರೆ 0.59, 3 ಮಾಡಿದರೆ 0.52. ಆಯ್ಕೆ ಸಂಶೋಧಕರದು. ಎರಡೂ ರೇಖೆಗಳಿಂದ ಬಹುದೂರವಿರುವ, ಉದಾಹರಣೆಗೆ ಮನೆಮಾತು ಉರ್ದುವಾದ ಭಾಷಿಕರಿಗೂ ಅದು ಸುಮಾರು 0.5 ಕೊಟ್ಟೀತು, ಸದಸ್ಯತ್ವಗಳ ಮೊತ್ತ 1 ಆಗಲೇಬೇಕಲ್ಲ. ಸಂಭವನೀಯತಾ ಮಾದರಿಯಲ್ಲೂ ಮೊತ್ತ 1ೇ ಆದರೂ, ಎರಡೂ ಗುಂಪುಗಳಲ್ಲಿ ಸಾಂದ್ರತೆ ತೀರ ಕಡಿಮೆಯಿರುವುದು ಅಂಥವರನ್ನು ತೋರಿಸಿಕೊಡುತ್ತದೆ.

ಆದ್ದರಿಂದ ಗುಂಪುಗಳೆಷ್ಟು ಎಂಬುದನ್ನು ಸಂಭವನೀಯತಾ ಮಾದರಿಯಿಂದ ನಿರ್ಧರಿಸುವುದು, ನಡುವಿನವರ ಸ್ಥಾನವನ್ನು ಫಜಿ ಸದಸ್ಯತ್ವದಿಂದ ವರ್ಣಿಸುವುದು, ಬಳಸಿದ ಘಾತವನ್ನು ಕೋಷ್ಟಕದಲ್ಲೇ ನಮೂದಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.