ನಿಮಗಿದು ಗೊತ್ತೇ? ಕಾದಂಬರಿಯ ಹಿಂದಿನ ಕಲ್ಲು, ಕೋಟೆ, ಕಥೆ

● ಆಧುನಿಕ ಕನ್ನಡ ಗದ್ಯಕಥನದ ಮುಂಗೋಳಿ ಎನ್ನಬಹುದಾದ ಕೃತಿಯ ವಸ್ತುವೇ ಚರಿತ್ರೆಯದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1823ರಲ್ಲಿ, ಕೆಂಪುನಾರಾಯಣ ಬರೆದ ‘ಮುದ್ರಾಮಂಜೂಷ’ದಲ್ಲಿ ನಂದರಿದ್ದಾರೆ, ಚಾಣಕ್ಯನಿದ್ದಾನೆ, ಚಂದ್ರಗುಪ್ತನಿದ್ದಾನೆ. ಆದರೆ ಅದರ ಗದ್ಯ ಬಲು ಹಳೆಯದು. ಹೈಸ್ಕೂಲಿನವರಿಗೆ ಸೀದಾ ಅದನ್ನೇ ಕೊಟ್ಟರೆ ಎರಡನೇ ಪುಟಕ್ಕೆ ಮಡಚಿಟ್ಟಾರು!

● ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದವರು. ವಿಜಯನಗರದ ಹುಟ್ಟಿನ ಕಥೆ ಹೇಳುವ ಅವರ ‘ಮಾಧವ ಕರುಣಾ ವಿಲಾಸ’ ಕನ್ನಡದ ಆರಂಭದ ದೊಡ್ಡ ಚಾರಿತ್ರಿಕ ಕಾದಂಬರಿಗಳಲ್ಲಿ ಒಂದು. ಓದುಗರೇ ಇಲ್ಲ ಎಂದು ಇಂದು ಗೊಣಗುವ ನಾವು ಆ ಹೊರೆಯನ್ನು ಒಮ್ಮೆ ನೆನೆಯಬೇಕು.

● ‘ಮಯೂರ’ ಎಂದರೆ ಡಾ. ರಾಜ್‌ಕುಮಾರ್ ಕಣ್ಣಮುಂದೆ ಬರುತ್ತಾರೆ. 1975ರ ಆ ಚಿತ್ರಕ್ಕೆ ಆಧಾರ ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ. ಅದರ ಹಿಂದೆ ಇನ್ನೂ ಹಳೆಯ ಒಂದು ಕಲ್ಲಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇಗುಲದ ಮುಂದಿನ ಕಂಬದಲ್ಲಿ ಕದಂಬರ ಮೂಲಪುರುಷ ಮಯೂರಶರ್ಮನ ಕಥೆಯನ್ನು ಸಂಸ್ಕೃತದಲ್ಲಿ ಕೊರೆದಿದ್ದಾರೆ. ಓದಲೆಂದು ಕಂಚಿಗೆ ಹೋದ ಹುಡುಗ, ಪಲ್ಲವರ ಕುದುರೆ ಸವಾರನೊಬ್ಬನೊಡನೆ ಜಗಳ, ಅವಮಾನ, ಆಮೇಲೆ ಕೈಗೆ ಕತ್ತಿ. ಕಥೆಯ ಎಲುಬು ಕಲ್ಲಿನಲ್ಲೇ ಇತ್ತು. ಮಾಂಸ ರಕ್ತ ತುಂಬಿದ್ದು ದೇವುಡು. ಹದಿಮೂರು ಹದಿನಾಲ್ಕರ ವಯಸ್ಸಿಗೆ ಇದಕ್ಕಿಂತ ಒಳ್ಳೆಯ ಆರಂಭ ಕಾಣೆ.

● ಹೊಯ್ಸಳ ರಾಣಿ ಶಾಂತಲೆಯ ಬಗ್ಗೆ ಕಾದಂಬರಿ ಬರೆದವರಲ್ಲಿ ಒಬ್ಬರು ಬೆಂಗಳೂರಿನ ವ್ಯಾಯಾಮಶಾಲೆಯ ಗುರು! ಕಟ್ಟುಮಸ್ತಾದ ಮೈಗೆ ಹೆಸರಾಗಿದ್ದ ಕೆ.ವಿ. ಅಯ್ಯರ್ ‘ಶಾಂತಲಾ’ ಬರೆದರು. ಮೈಕೆಲೆಂಜೆಲೊನ ಇಟಲಿಗೆ ಕರೆದೊಯ್ಯುವ ‘ರೂಪದರ್ಶಿ’ಯೂ ಅವರದೇ. ಇದೇ ರಾಣಿಯ ಮೇಲೆ ಸಿ.ಕೆ. ನಾಗರಾಜರಾವ್ ಬರೆದ ‘ಪಟ್ಟಮಹಾದೇವಿ ಶಾಂತಲದೇವಿ’ ಮಹಾಗಾತ್ರದ್ದು. ಭಾರತೀಯ ಜ್ಞಾನಪೀಠದ ಮೂರ್ತಿದೇವಿ ಪ್ರಶಸ್ತಿ ಪಡೆದದ್ದು. ಎರಡನ್ನೂ ಓದಿದರೆ ಇಬ್ಬರು ಬೇರೆ ಬೇರೆ ಶಾಂತಲೆಯರು ಸಿಗುತ್ತಾರೆ.

ಹಾಗಾದರೆ ನಿಜವಾದವಳು? ಶ್ರವಣಬೆಳಗೊಳದಲ್ಲಿ ಅವಳೇ ಕಟ್ಟಿಸಿದ ಸವತಿಗಂಧವಾರಣ ಬಸದಿಯಿದೆ. ಅವಳು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಬೆಳಗೊಳದ ಶಾಸನ ಹೇಳುತ್ತದೆ. ಮಗಳ ಹಿಂದೆಯೇ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಉಪವಾಸವಿದ್ದು ಪ್ರಾಣ ಬಿಟ್ಟಳಂತೆ. ಬೆಟ್ಟದಿಂದ ಹಾರಿದ ರಾಣಿಯ ಕಥೆ ಶಿವಗಂಗೆಯ ಗೈಡುಗಳ ಬಾಯಲ್ಲಿ ಇಂದಿಗೂ ಇದೆ. ನನಗಂತೂ ಆ ದಂತಕಥೆಗಿಂತ ಮಾಚಿಕಬ್ಬೆಯ ಆ ನಾಲ್ಕು ಸಾಲೇ ಹೆಚ್ಚು ಕಾಡುತ್ತದೆ. ಅವಳ ಮೇಲೂ ಯಾರಾದರೂ ಒಂದು ಕಾದಂಬರಿ ಬರೆಯಬೇಕು.

● ತ.ರಾ.ಸು. ಅವರ ‘ಹಂಸಗೀತೆ’ ಚಿತ್ರದುರ್ಗದ ಸಂಗೀತಗಾರನೊಬ್ಬನ ಕಥೆ. ಹಿಂದಿಯಲ್ಲಿ ಇದೇ ‘ಬಸಂತ್ ಬಹಾರ್’ (1956) ಆಯಿತು. ಅದರಲ್ಲಿ ಮನ್ನಾ ಡೇ ಜೊತೆ ಸ್ಪರ್ಧೆಗೆ ನಿಂತವರಂತೆ ಹಾಡಿದ್ದು ಯಾರು? ನಮ್ಮ ಗದಗಿನ ಭೀಮಸೇನ ಜೋಶಿ! ಕನ್ನಡದಲ್ಲಿ ಜಿ.ವಿ. ಅಯ್ಯರ್ ಅದನ್ನು 1975ರಲ್ಲಿ ತೆರೆಗೆ ತಂದರು. ಬಾಲಮುರಳಿಕೃಷ್ಣ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಕಥೆಯ ಕೊನೆ ಇಲ್ಲಿ ಹೇಳುವುದಿಲ್ಲ, ಓದಿ.

● ಅದೇ ತ.ರಾ.ಸು. ದುರ್ಗದ ಮೇಲೆ ಬರೆದ ಕಾದಂಬರಿಗಳು ಒಂದೆರಡಲ್ಲ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಮೂರೂ ಒಂದೇ ಸರಪಳಿ. ಕಡೆಯದು ‘ದುರ್ಗಾಸ್ತಮಾನ’. ಹೈದರಾಲಿ 1779ರಲ್ಲಿ ಕೋಟೆ ಗೆದ್ದು ಕೊನೆಯ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದ ಕಥೆ. ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ತ.ರಾ.ಸು. ಅದರ ಹಿಂದಿನ ವರ್ಷವೇ ಕಣ್ಮುಚ್ಚಿದ್ದರು.

● ಕಲ್ಯಾಣದ ಶರಣರ ಕಾಲ ಬೇಕೇ? ಬಿ. ಪುಟ್ಟಸ್ವಾಮಯ್ಯನವರ ಆರು ಕಾದಂಬರಿಗಳ ಸಾಲಿದೆ. ಕೊನೆಯದಾದ ‘ಕ್ರಾಂತಿ ಕಲ್ಯಾಣ’ಕ್ಕೆ 1964ರ ಅಕಾಡೆಮಿ ಪ್ರಶಸ್ತಿ ಸಿಕ್ಕಿತು.

● ಕಯ್ಯೂರಿನ ರೈತರ ಹೋರಾಟದ ಕಥೆ ಹೇಳುವ ‘ಚಿರಸ್ಮರಣೆ’ ಬರೆದ ನಿರಂಜನ ಆ ಊರಿಗೆ ಹತ್ತಿರದ ನೀಲೇಶ್ವರದ ಹೈಸ್ಕೂಲಿನಲ್ಲಿ ಓದಿದವರು. ಇಂದು ಕಾಸರಗೋಡು ಜಿಲ್ಲೆಯಲ್ಲಿರುವ, ಆಗ ದಕ್ಷಿಣ ಕನ್ನಡಕ್ಕೆ ಸೇರಿದ್ದ ಕಯ್ಯೂರಿನಲ್ಲಿ 1941ರಲ್ಲಿ ರೈತರು ಎದ್ದರು. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರಿಗೆ ಗಲ್ಲಾಯಿತು. ಐದನೆಯವನು ಉಳಿದದ್ದು ವಯಸ್ಸಿಗೆ ಬಂದಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ಹತ್ತನೇ ತರಗತಿಯವರಿಗೆ ಇಷ್ಟು ಹೇಳಿ ಪುಸ್ತಕ ಕೈಗಿಡಿ, ಸಾಕು. ಇದೇ ನಿರಂಜನರ ‘ಮೃತ್ಯುಂಜಯ’ ಪ್ರಾಚೀನ ಈಜಿಪ್ಟಿನಲ್ಲಿ ನಡೆಯುತ್ತದೆ, ದಪ್ಪ ಪುಸ್ತಕಕ್ಕೆ ಹೆದರದವರಿಗೆ.

● ಪತ್ತೇದಾರಿ ಇಷ್ಟವೇ? ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’ ಹಿಡಿಯಿರಿ. ಮುಸುಕಿನ ಜೋಳದ ತವರು ಅಮೆರಿಕ. ಕೊಲಂಬಸ್ ಅಲ್ಲಿಗೆ ಮುಟ್ಟಿದ್ದು 1492ರಲ್ಲಿ. ಆದರೆ ಸೋಮನಾಥಪುರದ 13ನೇ ಶತಮಾನದ ಶಿಲ್ಪಗಳ ಕೈಯಲ್ಲಿ ಅದರ ತೆನೆಯಂಥದ್ದೇ ಕಾಣುತ್ತದಲ್ಲ! ಅದು ಜೋಳವೇ ಅಲ್ಲ ಎನ್ನುವ ವಿದ್ವಾಂಸರೂ ಇದ್ದಾರೆ. ಈ ತಕರಾರೇ ಕಾದಂಬರಿಯ ಬೀಜ. ಓದಿದ ಮೇಲೆ ಮಕ್ಕಳೇ ಸೋಮನಾಥಪುರಕ್ಕೆ ಹೋಗೋಣ ಎಂದು ಹಟ ಹಿಡಿಯುತ್ತಾರೆ.

● ವಸುಧೇಂದ್ರರ ‘ತೇಜೋ ತುಂಗಭದ್ರಾ’ದ (2019) ತೇಜೋ, ಲಿಸ್ಬನ್ ನಗರದ ನದಿ. ಪೋರ್ಚುಗಲ್ಲಿನ ಯಹೂದಿಗಳ ಪಾಡು, ಹಂಪಿಯ ಸೀಮೆಯ ಬದುಕು, ನಡುವೆ ಗೋವೆ. ಪೋರ್ಚುಗೀಸರ ಗೋವೆಯಿಂದ ಓಡಿಬಂದವರ ತಲೆಮಾರುಗಳ ಕಥೆ ಬೇಕಿದ್ದರೆ ಗೋಪಾಲಕೃಷ್ಣ ಪೈಗಳ ‘ಸ್ವಪ್ನ ಸಾರಸ್ವತ’. ಒಂದರ ಬೆನ್ನಿಗೆ ಇನ್ನೊಂದನ್ನು ಓದಿದರೆ ರುಚಿ ಹೆಚ್ಚು. ಹಿಂಸೆಯ ಪುಟಗಳಿವೆ, ಆದ್ದರಿಂದ ಪಿಯುಸಿ ದಾಟಿದವರಿಗೆ ಇರಲಿ.

● ಕೊಡಗಿನ ಕೊನೆಯ ಅರಸನ ಸಮಾಧಿ ಇರುವುದು ಲಂಡನ್ನಿನಲ್ಲಿ. 1834ರಲ್ಲಿ ಇಂಗ್ಲಿಷರು ಚಿಕವೀರ ರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿ ಕಾಶಿಗೆ ಕಳಿಸಿದರು. ಕಂಪನಿಯ ವಶವಾದ ತನ್ನ ಹಣಕ್ಕಾಗಿ ದಾವೆ ಹೂಡಲು ಅವನು 1852ರಲ್ಲಿ ಮಗಳು ಗೌರಮ್ಮನೊಂದಿಗೆ ಹಡಗು ಹತ್ತಿದ. ಅದೇ ವರ್ಷ ಮಗಳಿಗೆ ಕ್ರೈಸ್ತ ದೀಕ್ಷೆಯಾಯಿತು. ಧರ್ಮಮಾತೆಯಾಗಿ ನಿಂತವಳು ಸ್ವತಃ ವಿಕ್ಟೋರಿಯಾ ರಾಣಿ. ಅರಸ 1859ರಲ್ಲಿ ಅಲ್ಲೇ ತೀರಿಕೊಂಡ, ಮಗಳು 1864ರಲ್ಲಿ. ಇಷ್ಟನ್ನು ತಿಳಿದು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ತೆರೆಯಿರಿ. ಮಾಸ್ತಿ ಅರಸನ ಪರ ವಕಾಲತ್ತು ಹಾಕುವುದಿಲ್ಲ, ಅವನನ್ನು ರಾಕ್ಷಸನಾಗಿಸುವುದೂ ಇಲ್ಲ. ದಿವಾನರು, ರಾಣಿ, ಕುಂಟ ಬಸವ, ಹೊರಗೆ ಕಾದು ನಿಂತ ಕಂಪನಿ, ಎಲ್ಲರ ಲೆಕ್ಕವನ್ನೂ ತಣ್ಣಗೆ ಬಿಡಿಸುತ್ತಾರೆ. ಅವರಿಗೆ 1983ರ ಜ್ಞಾನಪೀಠ ಬಂತು.

● ಮನೆಯಲ್ಲಿ ಹದಿಹರೆಯದವರಿದ್ದರೆ ‘ಮಯೂರ’, ‘ಕನಕ ಮುಸುಕು’, ‘ಚಿರಸ್ಮರಣೆ’ ಈ ಕ್ರಮದಲ್ಲಿ ಕೊಡಿ. ದುರ್ಗದ ಸರಪಳಿ ಬೇಸಿಗೆ ರಜೆಗಿರಲಿ. ದೊಡ್ಡವರು ಒಂದೇ ಒಂದು ಕೊಳ್ಳುವುದಾದರೆ, ಕಣ್ಣುಮುಚ್ಚಿ ‘ಚಿಕವೀರ ರಾಜೇಂದ್ರ’ ಕೊಳ್ಳಿ.