ಹಳೆಯ ಮೋಟಾರ್ ಸೈಕಲ್‌ಗೆ ಹೊಸ ಗ್ರಿಪ್: ಸವಾರನ ಅಂಗೈ, ವರ್ತಕನ ಹೊಣೆ

ಮೋಟಾರ್ ಸೈಕಲ್‌ನ ಬಿಡಿಭಾಗಗಳಲ್ಲಿ ಹ್ಯಾಂಡಲ್ ಗ್ರಿಪ್‌ನಷ್ಟು ಅಲಕ್ಷ್ಯಕ್ಕೆ ಒಳಗಾದ ವಸ್ತು ಇನ್ನೊಂದಿಲ್ಲ. ಗಿರಾಕಿಯು ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ 'ಒಂದು ಜೊತೆ ಗ್ರಿಪ್ ಕೊಡಿ' ಎನ್ನುತ್ತಾನೆ, ವರ್ತಕನು ಕೈಗೆ ಸಿಕ್ಕಿದ್ದನ್ನು ಕೊಡುತ್ತಾನೆ, ಎರಡು ನಿಮಿಷಗಳಲ್ಲಿ ವ್ಯಾಪಾರ ಮುಗಿಯುತ್ತದೆ. ಆದರೆ ಗಾಡಿ ಓಡುವಷ್ಟು ಹೊತ್ತೂ ಸವಾರನ ಎರಡು ಅಂಗೈಗಳೂ ಈ ರಬ್ಬರ್ ತುಂಡುಗಳ ಮೇಲೆಯೇ ಇರುತ್ತವೆ. ಎಂಜಿನ್‌ನ ಅದುರು ದೇಹವನ್ನು ಸೇರುವುದು ಬಹುಮಟ್ಟಿಗೆ ಇಲ್ಲಿಂದಲೇ. ವೇಗವನ್ನು ಹತೋಟಿಯಲ್ಲಿ ಇಡುವುದೂ ಇಲ್ಲಿಂದಲೇ. ಆದ್ದರಿಂದ ಇದರ ಆಯ್ಕೆಯು ಆರಾಮದ ಪ್ರಶ್ನೆಯಷ್ಟೇ ಅಲ್ಲ, ಸುರಕ್ಷತೆಯ ಪ್ರಶ್ನೆಯೂ ಹೌದು. ಮಾರುವವನ ಮಟ್ಟಿಗೆ ಕಾನೂನಿನ ಪ್ರಶ್ನೆಯೂ ಹೌದು.

ಮಾರುಕಟ್ಟೆ ಇನ್ನೂ ಬತ್ತಿಲ್ಲ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ ಉತ್ಪಾದನೆ ಆರಂಭಿಸಿ 1996ರಲ್ಲಿ ಬಾಗಿಲು ಮುಚ್ಚಿತು. ಅಲ್ಲಿಂದ ಹೊರಬಂದ ಜಾವಾ ಮತ್ತು ಯೆಜ್ಡಿ ಗಾಡಿಗಳು ಇಂದಿಗೂ ರಸ್ತೆಯಲ್ಲಿವೆ. 1985ರಲ್ಲಿ ಬಂದು 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100, ಅದಕ್ಕೂ ಹಿಂದಿನ ರಾಜ್‌ದೂತ್, ಹಳೆಯ ಬುಲೆಟ್‌ಗಳು ಇವೆಲ್ಲವೂ ಬಿಡಿಭಾಗಗಳ ಬೇಡಿಕೆಯನ್ನು ಜೀವಂತವಾಗಿಟ್ಟಿವೆ. ಖಾಸಗಿ ದ್ವಿಚಕ್ರ ವಾಹನಗಳ ನೋಂದಣಿಯು 15 ವರ್ಷಗಳಿಗೆ ಮುಗಿದರೂ, ಯೋಗ್ಯತಾ ತಪಾಸಣೆಗೆ ಒಳಪಟ್ಟು ಐದೈದು ವರ್ಷಗಳಿಗೆ ನವೀಕರಿಸಲು ಅವಕಾಶವಿದೆ. 50 ವರ್ಷ ಮೀರಿದ, ಮೂಲ ಸ್ವರೂಪ ಉಳಿಸಿಕೊಂಡ ವಾಹನಗಳಿಗೆ 2021ರಲ್ಲಿ ಪ್ರತ್ಯೇಕ ವಿಂಟೇಜ್ ನೋಂದಣಿ ನಿಯಮಗಳೂ ಜಾರಿಗೆ ಬಂದವು.

ಹೀಗಾಗಿ ಗಿರಾಕಿಗಳಲ್ಲಿ ಎರಡು ವರ್ಗಗಳಿವೆ. ಒಂದು, ಗಾಡಿಯನ್ನು ದಿನನಿತ್ಯ ಓಡಿಸುವವರು. ಇವರಿಗೆ ಕೈ ನೋಯಬಾರದು, ಮಳೆಯಲ್ಲಿ ಜಾರಬಾರದು, ಬೆಲೆ ಹೆಚ್ಚಾಗಬಾರದು. ಇನ್ನೊಂದು, ಹಳೆಯ ಗಾಡಿಯನ್ನು ಅದರ ಮೂಲ ರೂಪದಲ್ಲಿಯೇ ಕಾಪಾಡುವವರು. ಇವರಿಗೆ ಗ್ರಿಪ್‌ನ ಗೆರೆ, ಬಣ್ಣ, ಅಂಚಿನ ಆಕಾರ ಹಿಂದಿನಂತೆಯೇ ಇರಬೇಕು, ಬೆಲೆಯ ಮಾತು ನಂತರದ್ದು. ಬೆಂಗಳೂರಿನ ಜೆ.ಸಿ. ರಸ್ತೆಯಾಗಲಿ ಜಿಲ್ಲಾ ಕೇಂದ್ರದ ಚಿಕ್ಕ ಅಂಗಡಿಯಾಗಲಿ, ಬಂದವರು ಯಾವ ವರ್ಗದವರೆಂದು ಮೊದಲು ಕೇಳಿ ತಿಳಿಯುವುದು ಲಾಭದಾಯಕ.

ಕೈ ಜೋಮು ಹಿಡಿಯುವುದೇಕೆ?

ಹಳೆಯ ಗಾಡಿಗಳಲ್ಲಿ ಹೆಚ್ಚಿನವು ಒಂಟಿ ಸಿಲಿಂಡರ್‌ನವು. ಅದುರನ್ನು ತಗ್ಗಿಸುವ ಸಮತೋಲನ ದಂಡ ಅವುಗಳಲ್ಲಿ ಇರಲಿಲ್ಲ. ಎಂಜಿನ್ ನೇರವಾಗಿ ಚೌಕಟ್ಟಿಗೆ ಬೋಲ್ಟ್ ಆಗಿರುವುದರಿಂದ ಅದರ ಕಂಪನ ಹ್ಯಾಂಡಲ್‌ವರೆಗೂ ಹರಿಯುತ್ತದೆ. ದೀರ್ಘ ಸವಾರಿಯಲ್ಲಿ ಈ ಕಂಪನ ಮತ್ತು ಬಿಗಿ ಹಿಡಿತ ಎರಡೂ ಕೂಡಿ ಅಂಗೈಯ ನರಗಳ ಮೇಲೆ ಒತ್ತಡ ಬೀಳುತ್ತದೆ. ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿದರೆ ಒತ್ತಡ ಅಂಗೈಯ ಹೊರ ಅಂಚಿನಲ್ಲಿದೆ ಎಂದೂ, ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದರೆ ಒತ್ತಡ ಮಣಿಕಟ್ಟಿನ ನಡುಭಾಗದಲ್ಲಿದೆ ಎಂದೂ ಸ್ಥೂಲವಾಗಿ ತಿಳಿಯಬಹುದು. ಗಾಡಿಯಿಂದ ಇಳಿದ ಮೇಲೂ ಜೋಮು ಹೋಗದಿದ್ದರೆ ಅದು ವೈದ್ಯರ ಬಳಿ ಹೋಗಬೇಕಾದ ವಿಷಯ, ಬಿಡಿಭಾಗದ ಅಂಗಡಿಗಲ್ಲ.

ಇನ್ನೊಂದು ಮಾತು. ಎಂಜಿನ್‌ನ ಬೋಲ್ಟ್ ಸಡಿಲವಾಗಿದ್ದರೆ ಅಥವಾ ಹ್ಯಾಂಡಲ್ ಕ್ಲ್ಯಾಂಪ್ ಬಿಗಿಯಾಗಿಲ್ಲದಿದ್ದರೆ ಎಷ್ಟು ಮೆತ್ತನೆಯ ಗ್ರಿಪ್ ಹಾಕಿದರೂ ಪ್ರಯೋಜನವಿಲ್ಲ. ಗ್ರಿಪ್ ಮಾರುವ ಮುನ್ನ ಇವನ್ನು ಮೆಕ್ಯಾನಿಕ್‌ಗೆ ತೋರಿಸುವಂತೆ ಹೇಳುವ ವರ್ತಕನು ಆ ದಿನದ ವ್ಯಾಪಾರವನ್ನು ಕಳೆದುಕೊಂಡರೂ ಗಿರಾಕಿಯ ನಂಬಿಕೆಯನ್ನು ಗಳಿಸುತ್ತಾನೆ.

ಅಳತೆ ಮೊದಲು

ಬಹುತೇಕ ಮೋಟಾರ್ ಸೈಕಲ್‌ಗಳ ಹ್ಯಾಂಡಲ್ ಕೊಳವೆಯ ಹೊರ ವ್ಯಾಸ 22 ಮಿ.ಮೀ., ಅಂದರೆ ಇಂಚಿನ ಎಂಟನೇ ಏಳು ಭಾಗ. ಕೆಲವು ದೊಡ್ಡ ವಿದೇಶಿ ಗಾಡಿಗಳಲ್ಲಿ ಇದು ಒಂದು ಇಂಚು, ಅಂದರೆ 25.4 ಮಿ.ಮೀ. ಬಲಗಡೆ ಎಕ್ಸಲರೇಟರ್ ತಿರುಗಿಸುವ ತೋಳು ಹ್ಯಾಂಡಲ್‌ನ ಮೇಲೆ ಕೂರುವುದರಿಂದ ಆ ಬದಿಯ ಗ್ರಿಪ್‌ನ ಒಳ ವ್ಯಾಸ ಎಡಗಡೆಯದಕ್ಕಿಂತ ಸುಮಾರು 3 ಮಿ.ಮೀ. ಹೆಚ್ಚಿರುತ್ತದೆ. ಆದಕಾರಣ ಒಂದು ಜೊತೆಯ ಎರಡು ಗ್ರಿಪ್‌ಗಳು ಒಂದೇ ಅಳತೆಯವಲ್ಲ. ಎಡಬಲ ಅದಲುಬದಲಾದರೆ ಒಂದು ಕೂರುವುದೇ ಇಲ್ಲ, ಇನ್ನೊಂದು ಸಡಿಲವಾಗಿ ತಿರುಗುತ್ತದೆ.

ಹಳೆಯ ಗಾಡಿಗಳಲ್ಲಿ ಹ್ಯಾಂಡಲ್ ಬದಲಾಗಿರುವುದು ಸಾಮಾನ್ಯ. ಆದ್ದರಿಂದ ಮಾದರಿಯ ಹೆಸರನ್ನು ನಂಬದೆ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆಯಬೇಕು. ಉದ್ದವನ್ನೂ ನೋಡಬೇಕು. ಗ್ರಿಪ್ ಉದ್ದವಾಗಿ ಸ್ವಿಚ್ ಅಥವಾ ಲಿವರ್ ಹಿಡಿಯುವ ಭಾಗಕ್ಕೆ ತಾಗಿದರೆ ಎಕ್ಸಲರೇಟರ್ ತಾನಾಗಿ ಹಿಂತಿರುಗುವುದಿಲ್ಲ. ಹ್ಯಾಂಡಲ್ ತುದಿಗೆ ಕನ್ನಡಿ ಅಥವಾ ತೂಕದ ಗುಂಡು ಜೋಡಿಸುವವರಿಗೆ ತುದಿ ತೆರೆದ ಗ್ರಿಪ್ ಬೇಕಾಗುತ್ತದೆ.

ದಪ್ಪದ ವಿಷಯದಲ್ಲಿ ಒಂದು ಸರಳ ಪರೀಕ್ಷೆ ಇದೆ. ಗ್ರಿಪ್ ಹಿಡಿದಾಗ ಬೆರಳ ತುದಿಗಳು ಅಂಗೈಗೆ ಚುಚ್ಚಿದರೆ ಅದು ತೆಳು. ಬೆರಳುಗಳು ಸುತ್ತಿ ಬರದೆ ದೂರ ಉಳಿದರೆ ಅದು ದಪ್ಪ, ಮುಂಗೈ ಬೇಗ ದಣಿಯುತ್ತದೆ. ದಪ್ಪವಾದಷ್ಟೂ ಆರಾಮ ಎಂಬ ನಂಬಿಕೆ ಚಿಕ್ಕ ಕೈಯವರ ಮಟ್ಟಿಗೆ ಸುಳ್ಳು. ಕ್ಲಚ್ ಲಿವರ್ ಎಟುಕುವುದೂ ಅವರಿಗೆ ಕಷ್ಟವಾಗುತ್ತದೆ.

ವಸ್ತುವಿನ ಗುಣದೋಷ

ನೈಸರ್ಗಿಕ ರಬ್ಬರ್ ಸ್ಥಿತಿಸ್ಥಾಪಕ, ಹಿಡಿತಕ್ಕೆ ಒಳ್ಳೆಯದು. ಆದರೆ ಪೆಟ್ರೋಲ್ ಮತ್ತು ಎಣ್ಣೆ ತಗುಲಿದರೆ ಉಬ್ಬುತ್ತದೆ, ಬಿಸಿಲು ಹಾಗೂ ಓಝೋನ್‌ಗೆ ಬಿರುಕು ಬಿಡುತ್ತದೆ. ನೈಟ್ರೈಲ್ ರಬ್ಬರ್ ಎಣ್ಣೆಯನ್ನು ತಡೆಯುತ್ತದೆ. ಇಪಿಡಿಎಂ ಬಿಸಿಲನ್ನು ಚೆನ್ನಾಗಿ ತಾಳುತ್ತದೆ, ಎಣ್ಣೆಯನ್ನು ತಾಳುವುದಿಲ್ಲ. ಎಂಜಿನ್ ಎಣ್ಣೆಯನ್ನು ಪೆಟ್ರೋಲಿಗೆ ಕೂಡಿಸುವ ಟೂ ಸ್ಟ್ರೋಕ್ ಗಾಡಿಗಳ ಸವಾರರ ಕೈಯಲ್ಲಿ ಎಣ್ಣೆ ಇದ್ದೇ ಇರುತ್ತದೆ ಎಂಬುದನ್ನು ತಯಾರಕರು ಮರೆಯಬಾರದು. ಪಿವಿಸಿ ಗ್ರಿಪ್ ಅಗ್ಗ, ಹಲವು ಬಣ್ಣಗಳಲ್ಲಿ ದೊರೆಯುತ್ತದೆ, ಆದರೆ ಕಾಲಕ್ರಮದಲ್ಲಿ ಗಟ್ಟಿಯಾಗುತ್ತದೆ ಇಲ್ಲವೇ ಅಂಟಂಟಾಗುತ್ತದೆ. ಫೋಮ್ ಗ್ರಿಪ್ ಅದುರನ್ನು ಚೆನ್ನಾಗಿ ಹೀರುತ್ತದೆ. ಆದರೆ ಅದು ಬೇಗ ಸವೆಯುತ್ತದೆ, ಕೆಲವು ಬಗೆಯ ಫೋಮ್ ಮಳೆನೀರನ್ನೂ ಹೀರಿಕೊಳ್ಳುತ್ತದೆ. ಮಲೆನಾಡು, ಕರಾವಳಿಗಳ ಗಿರಾಕಿಗೆ ಇದನ್ನು ತಿಳಿಸಿಯೇ ಮಾರುವುದು ಲೇಸು.

ರಬ್ಬರ್‌ನ ಗಡಸುತನವನ್ನು ಶೋರ್ ಎ ಮಾನದಲ್ಲಿ ಅಳೆಯುತ್ತಾರೆ. ಅಂಕಿ ಕಡಿಮೆಯಾದಷ್ಟೂ ಮೆತ್ತಗೆ, ಮೆತ್ತಗಾದಷ್ಟೂ ಬಾಳಿಕೆ ಕಡಿಮೆ. ಸಣ್ಣ ತಯಾರಕರು ಪ್ರತಿ ಬ್ಯಾಚ್‌ನ ಗಡಸುತನವನ್ನು ಅಳೆದು ದಾಖಲಿಸಿಟ್ಟರೆ ದೂರು ಬಂದಾಗ ಉತ್ತರ ಕೈಯಲ್ಲಿರುತ್ತದೆ.

ಜೋಡಣೆಯಲ್ಲಿ ಅಪಾಯ

ಹಳೆಯ ಗ್ರಿಪ್ ಕತ್ತರಿಸಿ ತೆಗೆದು, ಕೊಳವೆಯ ಅಂಟು ಮತ್ತು ತುಕ್ಕನ್ನು ಸ್ವಚ್ಛಗೊಳಿಸಿ, ಗ್ರಿಪ್‌ಗೆಂದೇ ತಯಾರಾದ ಅಂಟು ಹಚ್ಚಿ, ಒಂದು ರಾತ್ರಿ ಒಣಗಲು ಬಿಡುವುದು ಸರಿಯಾದ ಕ್ರಮ. ಸುಲಭವಾಗಿ ಏರಲೆಂದು ಎಣ್ಣೆ ಅಥವಾ ಗ್ರೀಸ್ ಸವರುವುದು ಅಪಾಯಕಾರಿ, ಏಕೆಂದರೆ ಅದು ಒಣಗುವುದಿಲ್ಲ. ತಿರುವಿನಲ್ಲಿ ಗ್ರಿಪ್ ಕೈಯೊಡನೆ ಕಳಚಿ ಬಂದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಜೋಡಣೆಯ ನಂತರ ಹ್ಯಾಂಡಲ್ ಅನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಎರಡೂ ಸ್ಥಿತಿಗಳಲ್ಲಿ ಎಕ್ಸಲರೇಟರ್ ಬಿಟ್ಟೊಡನೆ ತಾನಾಗಿ ಹಿಂತಿರುಗುವುದೇ ಎಂದು ಪರೀಕ್ಷಿಸಲೇಬೇಕು.

ಕಾನೂನು ಮತ್ತು ಲೆಕ್ಕಪತ್ರ

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 'ಉತ್ಪನ್ನ ಹೊಣೆ'ಯ ಅಧ್ಯಾಯವನ್ನು ಒಳಗೊಂಡಿದ್ದು, 2020ರ ಜುಲೈನಲ್ಲಿ ಜಾರಿಗೆ ಬಂದಿತು. ಇದರ 86ನೇ ಕಲಂ ವರ್ತಕರು ಓದಲೇಬೇಕಾದದ್ದು. ತಯಾರಕನು ಯಾರೆಂದು ತಿಳಿಯದ ಸರಕಿನಿಂದ ಹಾನಿಯಾದರೆ, ಸರಕನ್ನು ಮಾರ್ಪಡಿಸಿ ಅದರಿಂದ ಹಾನಿಯಾದರೆ, ಜೋಡಣೆ ಅಥವಾ ತಪಾಸಣೆಯಲ್ಲಿ ತಕ್ಕ ಎಚ್ಚರ ವಹಿಸದಿದ್ದರೆ ಮಾರಾಟಗಾರನೇ ಹೊಣೆಗಾರನಾಗಬಹುದು. ಹೆಸರು ವಿಳಾಸಗಳಿಲ್ಲದ ಚೀಲದಲ್ಲಿ ಬರುವ ಗ್ರಿಪ್ ಅನ್ನು ಬಿಲ್ ಇಲ್ಲದೆ ಕೊಂಡು, ಉಚಿತವಾಗಿ ಜೋಡಿಸಿಕೊಡುವ ಅಂಗಡಿಯು ಈ ಅಪಾಯವನ್ನು ತಾನೇ ಮೈಮೇಲೆ ಎಳೆದುಕೊಂಡಂತೆ. ಪೊಟ್ಟಣ ಕಟ್ಟಿದ ಸರಕಿನ ಮೇಲೆ ತಯಾರಕರ ಹೆಸರು ವಿಳಾಸ, ಗರಿಷ್ಠ ಮಾರಾಟ ಬೆಲೆ ಮೊದಲಾದ ವಿವರಗಳು ಇರಬೇಕೆಂದು 2011ರ ಕಾನೂನು ಮಾಪನಶಾಸ್ತ್ರದ ಪೊಟ್ಟಣ ಸರಕು ನಿಯಮಗಳೂ ವಿಧಿಸುತ್ತವೆ.

ಮೂಲ ಮಾದರಿಯ ಗ್ರಿಪ್ ತಯಾರಿಸುವವರು ವ್ಯಾಪಾರ ಚಿಹ್ನೆಯ ಬಗೆಗೂ ಜಾಗರೂಕರಾಗಿರಬೇಕು. ವ್ಯಾಪಾರ ಚಿಹ್ನೆಗಳ ಕಾಯ್ದೆ, 1999ರ 30ನೇ ಕಲಂ ಪ್ರಕಾರ, ಬಿಡಿಭಾಗವು ಯಾವ ಗಾಡಿಗೆ ಹೊಂದುತ್ತದೆ ಎಂದು ತಿಳಿಸಲು ಅವಶ್ಯವಿರುವಷ್ಟು ಮಟ್ಟಿಗೆ ಮತ್ತೊಬ್ಬರ ಚಿಹ್ನೆಯನ್ನು ಬಳಸಬಹುದು. 'ಇಂಥ ಗಾಡಿಗೆ ಹೊಂದುತ್ತದೆ' ಎಂದು ಪೊಟ್ಟಣದ ಮೇಲೆ ಮುದ್ರಿಸುವುದು ಬೇರೆ, ಅನುಮತಿಯಿಲ್ಲದೆ ಆ ಹೆಸರನ್ನೇ ರಬ್ಬರ್ ಮೇಲೆ ಉಬ್ಬಚ್ಚು ಹಾಕುವುದು ಬೇರೆ. ಸುಳ್ಳು ಚಿಹ್ನೆ ಹಾಕುವುದು 103ನೇ ಕಲಂ ಅಡಿಯಲ್ಲೂ, ಅಂಥ ಸರಕನ್ನು ಮಾರುವುದು 104ನೇ ಕಲಂ ಅಡಿಯಲ್ಲೂ ಸೆರೆವಾಸದ ಶಿಕ್ಷೆಗೆ ಗುರಿಯಾಗುವ ಅಪರಾಧ.

ತೆರಿಗೆಯ ವಿಷಯದಲ್ಲಿ, ಮೋಟಾರ್ ಸೈಕಲ್ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ದರವು 22 ಸೆಪ್ಟೆಂಬರ್ 2025ರಿಂದ ಶೇ. 28ರಿಂದ ಶೇ. 18ಕ್ಕೆ ಇಳಿಯಿತು. ಅದಕ್ಕೆ ಮುಂಚೆ ಶೇ. 28ರಂತೆ ತೆರಿಗೆ ಕೊಟ್ಟು ಕೊಂಡ ಸರಕನ್ನೂ ಆ ದಿನದ ನಂತರ ಶೇ. 18ರಂತೆಯೇ ಮಾರಬೇಕು. ನಿಯಮಾನುಸಾರ ಪಡೆದ ಹೂಡುವಳಿ ತೆರಿಗೆ ಜಮೆಯು ಖಾತೆಯಲ್ಲಿ ಉಳಿದು ಮುಂದಿನ ತೆರಿಗೆಗೆ ಬಳಕೆಯಾಗುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಈ ಸೌಲಭ್ಯವಿಲ್ಲ.

ದಾಸ್ತಾನಿನ ಬಗ್ಗೆಯೂ ಒಂದು ಮಾತು. ರಬ್ಬರ್ ಗೋದಾಮಿನಲ್ಲಿಯೂ ವಯಸ್ಸಾಗುವ ವಸ್ತು. ಮೊದಲು ಬಂದದ್ದು ಮೊದಲು ಹೊರಡಬೇಕು. ಗಟ್ಟಿಯಾದ, ಬಿರುಕು ಬಿಟ್ಟ ಗ್ರಿಪ್‌ಗಳನ್ನು ವರ್ಷಾಂತ್ಯದ ದಾಸ್ತಾನಿನಲ್ಲಿ ಕೊಂಡ ಬೆಲೆಗೇ ತೋರಿಸುವುದು ಲೆಕ್ಕಪತ್ರ ಮಾನಕ 2ಕ್ಕೆ ವಿರುದ್ಧ. ಕೊಂಡ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಕೈಸೇರುವ ಬೆಲೆ, ಇವೆರಡರಲ್ಲಿ ಕಡಿಮೆಯಾದದ್ದನ್ನೇ ತೋರಿಸಬೇಕು.

ಅಗ್ಗದ ಲೆಕ್ಕ, ನಿಜದ ಲೆಕ್ಕ

ಉದಾಹರಣೆಗೆ 90 ರೂಪಾಯಿಯ ಜೊತೆಯೊಂದು 9 ತಿಂಗಳು ಬಾಳುತ್ತದೆ, 270 ರೂಪಾಯಿಯದು 36 ತಿಂಗಳು ಬಾಳುತ್ತದೆ ಎಂದು ಭಾವಿಸೋಣ. ಮೊದಲನೆಯದರ ಖರ್ಚು ತಿಂಗಳಿಗೆ 10 ರೂಪಾಯಿ, ಎರಡನೆಯದರದು 7 ರೂಪಾಯಿ 50 ಪೈಸೆ. ಅಗ್ಗದ್ದಕ್ಕೆ ಪ್ರತಿ ಸಲ ಜೋಡಣೆಯ ಕೂಲಿಯೂ ಸೇರುತ್ತದೆ. ಈ ಲೆಕ್ಕವನ್ನು ಚೀಟಿಯಲ್ಲಿ ಬರೆದು ತೋರಿಸಿದರೆ ಎಷ್ಟೋ ಗಿರಾಕಿಗಳು ತಾವಾಗಿಯೇ ಉತ್ತಮ ಸರಕಿನತ್ತ ವಾಲುತ್ತಾರೆ. ಅಳತೆ ನೋಡಿ, ತಯಾರಕರ ಹೆಸರಿರುವ ಸರಕನ್ನು, ಬಿಲ್ ಸಹಿತ ಮಾರುವ ವರ್ತಕನಿಗೆ ಒಂದು ಜೊತೆಯಲ್ಲಿ ಸಿಗುವ ಲಾಭ ಚಿಕ್ಕದೇ ಇರಬಹುದು. ಆದರೆ ಹಳೆಯ ಗಾಡಿಯ ಒಡೆಯನಿಗೆ ಮುಂದೆ ಚೈನು, ಕೇಬಲ್, ಬ್ರೇಕ್ ಶೂ ಬೇಕಾದಾಗ ಅವನು ಹುಡುಕಿಕೊಂಡು ಬರುವುದು ಅದೇ ಅಂಗಡಿಗೆ.