ಕ್ಯಾಮೆರಾದ ಕಣ್ಣು ಎಲ್ಲಿ ತಪ್ಪುತ್ತದೆ?

"ಧಾರೆಯ ಹೊತ್ತಿನ ಫೋಟೊ ಇದೊಂದೇ. ಹಿಂದಿನ ಬಾಳೆಕಂದು ಚೆನ್ನಾಗಿ ಬಂದಿದೆ, ಹುಡುಗಿಯ ಮುಖ ಮಾತ್ರ ಮಸುಕು. ಕ್ಯಾಮೆರಾ ಕೆಟ್ಟಿದೆಯೇ?" ಹೀಗೆ ಕೇಳುವವರನ್ನು ನೀವು ಕಂಡಿರಬಹುದು, ಕೇಳಿದವರು ನೀವೇ ಆಗಿರಲೂಬಹುದು. ಬೆಳಕು ಕಡಿಮೆಯಾದ ಚಿತ್ರವನ್ನು ಕಂಪ್ಯೂಟರಿನಲ್ಲಿ ಒಂದಿಷ್ಟು ತಿದ್ದಬಹುದು. ಫೋಕಸ್ ತಪ್ಪಿದ ಮುಖವನ್ನು ಮರಳಿ ಪಡೆಯುವುದು ಬಹುಮಟ್ಟಿಗೆ ಆಗದ ಮಾತು. ಇತ್ತೀಚಿನ ಕೆಲವು ತಂತ್ರಾಂಶಗಳು ಮುಖವನ್ನು ಊಹಿಸಿ ಬಿಡಿಸುತ್ತವೆ, ನಿಜ. ಆದರೆ ಅದು ನಿಮ್ಮ ಮಗಳ ಮುಖವಲ್ಲ, ಅದರಂಥ ಇನ್ನೊಂದು.

ರಿಪೇರಿ ಅಂಗಡಿಗೆ ಹೋಗುವ ಮೊದಲು ರೋಗ ಯಾವುದೆಂದು ನೋಡೋಣ. ಚಿತ್ರವನ್ನು ದೊಡ್ಡದು ಮಾಡಿ ಇಡಿಯಾಗಿ ಪರೀಕ್ಷಿಸಿ. ಮುಖ ಮಸುಕಾಗಿದ್ದು ಅದರ ಹಿಂದೆಯೋ ಮುಂದೆಯೋ ಇರುವ ಇನ್ನೊಂದು ವಸ್ತು ಸ್ಪಷ್ಟವಾಗಿದ್ದರೆ ಅದು ಫೋಕಸ್ಸಿನ ತಪ್ಪು. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕಂಡರೆ ನಿಮ್ಮ ಕೈ ಅಲುಗಿದೆ. ಮುಖ ಸರಿಯಾಗಿದ್ದು ಕೈಬೆರಳು ಮಾತ್ರ ಕಲಸಿದಂತಿದ್ದರೆ ಷಟರ್ ವೇಗ ಸಾಲಲಿಲ್ಲ. ಕೊನೆಯ ಎರಡಕ್ಕೂ ಆಟೋಫೋಕಸ್ಸನ್ನು ಬೈದು ಪ್ರಯೋಜನವಿಲ್ಲ.

ಕ್ಯಾಮೆರಾ ತಾನೇ ಫೋಕಸ್ ಮಾಡುವುದಾದರೂ ಹೇಗೆ? ತೋಳು ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಆಚೀಚೆ ಜಿಗಿಯುತ್ತದೆ. ಹತ್ತಿರ ತಂದಷ್ಟೂ ಜಿಗಿತ ಹೆಚ್ಚು. ಮಸೂರದ ಎರಡು ಅಂಚುಗಳಿಂದ ಬಂದ ಬೆಳಕನ್ನು ಹೀಗೆಯೇ ಹೋಲಿಸಿ, ಮಸೂರ ಯಾವ ಕಡೆಗೆ ಎಷ್ಟು ಸರಿಯಬೇಕೆಂದು ಒಂದೇ ಏಟಿಗೆ ಲೆಕ್ಕ ಹಾಕುವುದು ಒಂದು ವಿಧಾನ. ಇದು ಫೇಸ್ ಡಿಟೆಕ್ಷನ್. ಇನ್ನೊಂದು, ಹಳೆಯ ರೇಡಿಯೊದ ತಿರುಗುಗುಂಡಿಯ ವಿಧಾನ. ನಿಲಯವನ್ನು ದಾಟಿ ಮುಂದೆ ಹೋಗಿ, ದನಿ ಕುಗ್ಗಿದಾಗ ಹಿಂದಕ್ಕೆ ಬರುತ್ತಿದ್ದೆವಲ್ಲ, ಹಾಗೆ ಬಿಂಬದ ಕಪ್ಪು ಬಿಳುಪಿನ ಅಂತರ ಅತ್ಯಂತ ಹೆಚ್ಚಾಗುವ ಜಾಗವನ್ನು ಮಸೂರ ತಡಕಾಡಿ ಹುಡುಕುತ್ತದೆ. ಮಬ್ಬು ಬೆಳಕಿನಲ್ಲಿ ಲೆನ್ಸ್ ಗರಗರ ಎನ್ನುತ್ತ ಹಿಂದೆ ಮುಂದೆ ಓಡಾಡುವುದು ಈ ಹುಡುಕಾಟವೇ.

1977ರಲ್ಲಿ ಬಂದ ಕೋನಿಕಾ ಸಿ35 ಎಎಫ್, ಜನರ ಕೈಗೆ ಸಿಕ್ಕ ಮೊದಲ ಆಟೋಫೋಕಸ್ ಕ್ಯಾಮೆರಾ. ಮರುವರ್ಷ ಪೋಲರಾಯ್ಡ್ ಸಂಸ್ಥೆ ಬಾವಲಿಯಂತೆ ಶ್ರವಣಾತೀತ ಶಬ್ದ ಹೊರಡಿಸಿ, ಪ್ರತಿಧ್ವನಿಯಿಂದ ದೂರ ಅಳೆಯುವ ಕ್ಯಾಮೆರಾ ತಂದಿತು. ಕತ್ತಲಲ್ಲೂ ಅದು ಕೆಲಸ ಮಾಡುತ್ತಿತ್ತು. ಆದರೆ ಕಿಟಕಿಯ ಗಾಜಿನಾಚೆ ಇರುವುದನ್ನು ತೆಗೆಯಲು ಹೋದರೆ ಶಬ್ದ ಗಾಜಿಗೇ ಬಡಿದು ವಾಪಸಾಗುತ್ತಿತ್ತು! ಪ್ರತಿ ವಿಧಾನಕ್ಕೂ ಅದರದೇ ಕುರುಡುತನ ಇದ್ದೇ ಇದೆ.

ಇಂದಿನ ಕ್ಯಾಮೆರಾಗಳ ಕುರುಡುತನ ಬೇರೆ ಬಗೆಯದು. ಅವಕ್ಕೆ ಗೆರೆ, ಅಂಚು ಬೇಕು. ಸುಣ್ಣ ಬಳಿದ ಬೋಳು ಗೋಡೆ, ಮಡಿಕೆಯಿಲ್ಲದ ಬಿಳಿ ಶಲ್ಯ ತೋರಿಸಿದರೆ ಹಿಡಿಯಲು ಏನೂ ಸಿಗುವುದಿಲ್ಲ. ಒಂದೇ ಬಗೆಯ ಗೆರೆಗಳು ಸಾಲುಸಾಲಾಗಿದ್ದರೆ ಯಾವುದಕ್ಕೆ ಯಾವುದನ್ನು ಹೊಂದಿಸುವುದೆಂದು ಗೊಂದಲ. ಮೃಗಾಲಯದಲ್ಲಿ ಹುಲಿಯ ಬದಲು ಕಂಬಿ ಸ್ಪಷ್ಟವಾಗುವುದು ಹತ್ತಿರದ, ಎದ್ದುಕಾಣುವ ಅಂಚು ಕಂಬಿಯದೇ ಆದ್ದರಿಂದ. ಇನ್ನೊಂದು ವಿಚಿತ್ರವೂ ಉಂಟು. ಕೆಲವು ಫೋಕಸ್ ಬಿಂದುಗಳು ನಿಂತ ಗೆರೆಗಳನ್ನು ಮಾತ್ರ ಗುರುತಿಸುತ್ತವೆ, ಮಲಗಿದ ಗೆರೆಗಳನ್ನಲ್ಲ. ಅಂಗಡಿಯ ಷಟರ್ ಬಾಗಿಲ ಮುಂದೆ ಕ್ಯಾಮೆರಾ ತಡಬಡಿಸಿದರೆ ಅದನ್ನು ಓರೆಯಾಗಿ ಹಿಡಿದು ಫೋಕಸ್ ಮಾಡಿ, ಗುಂಡಿಯನ್ನು ಅರ್ಧ ಒತ್ತಿಯೇ ನೇರ ಮಾಡಿಕೊಳ್ಳಿ. ಫೋಕಸ್ ನಿರಂತರ ಬದಲಾಗುವ ಕ್ರಮದಲ್ಲಿದ್ದರೆ ಮಾತ್ರ ಅರ್ಧ ಒತ್ತಿದರೂ ಅದು ನಿಲ್ಲುವುದಿಲ್ಲ, ನೆನಪಿರಲಿ. ಎಷ್ಟೋ ದೂರುಗಳ ಮೂಲ ಇಲ್ಲಿದೆ.

ಆಳದ ಲೆಕ್ಕವನ್ನೂ ಮರೆಯುವಂತಿಲ್ಲ. ಫುಲ್ ಫ್ರೇಮ್ ಕ್ಯಾಮೆರಾಕ್ಕೆ 50 ಮಿ.ಮೀ. ಲೆನ್ಸ್ ಹಾಕಿ, ಎಫ್ 1.8ರಲ್ಲಿ, 1 ಮೀಟರ್ ದೂರದ ಮುಖ ತೆಗೆದರೆ ಸ್ಪಷ್ಟವಾಗಿ ಬೀಳುವ ಆಳ ಸುಮಾರು 4 ಸೆಂ.ಮೀ. ಮಾತ್ರ. ಮೂಗಿನ ತುದಿಯಿಂದ ಕಿವಿಯವರೆಗೆ ಅದಕ್ಕಿಂತ ಹೆಚ್ಚು ದೂರವಿದೆ! ಫೋಕಸ್ ಹಿಡಿದ ಮೇಲೆ ನೀವು ಉಸಿರೆಳೆದು ಕೊಂಚ ವಾಲಿದರೂ ಕಣ್ಣು ತಪ್ಪಿಹೋಗುತ್ತದೆ. ಎಫ್ 8ಕ್ಕೆ ಇಳಿಸಿದರೆ ಆ ಆಳ 19 ಸೆಂ.ಮೀ. ಸುಮಾರಿಗೆ ಬರುತ್ತದೆ.

ಹಾಗಾದರೆ ಯಂತ್ರದ್ದೇ ದೋಷ ಇರುವುದಿಲ್ಲವೇ? ಇರುತ್ತದೆ. ಕನ್ನಡಿಯಿರುವ ಡಿಎಸ್‌ಎಲ್‌ಆರ್‌ಗಳಲ್ಲಿ ಫೋಕಸ್ ಅಳೆಯುವ ಸಂವೇದಕ ಬೇರೆ, ಚಿತ್ರ ಹಿಡಿಯುವ ಸಂವೇದಕ ಬೇರೆ. ಬೆಳಕು ಎರಡಕ್ಕೂ ಒಂದೇ ದೂರ ಕ್ರಮಿಸಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಫೋಕಸ್ ಸದಾ ಮುಂದಕ್ಕೋ ಹಿಂದಕ್ಕೋ ಬೀಳುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ಮೊದಲು ನೋಡಬೇಕು. ಮೂರು ಬೆಂಕಿಪೊಟ್ಟಣಗಳನ್ನು ಅಕ್ಕಪಕ್ಕ ನಿಲ್ಲಿಸಿ. ಎಡದ್ದನ್ನು ಎರಡು ಬೆರಳಗಲ ಮುಂದೆ, ಬಲದ್ದನ್ನು ಅಷ್ಟೇ ಹಿಂದೆ ಸರಿಸಿ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಅಪರ್ಚರ್ ಪೂರ್ತಿ ತೆರೆದು, ನಡುವಿನದಕ್ಕೆ ಗುರಿಯಿಟ್ಟು, ಪ್ರತಿ ಸಲವೂ ಫೋಕಸ್ ಕೆಡಿಸಿ ಹತ್ತು ಚಿತ್ರ ತೆಗೆಯಿರಿ. ತಪ್ಪು ಒಮ್ಮೆ ಮುಂದೆ, ಒಮ್ಮೆ ಹಿಂದೆ ಬಿದ್ದರೆ ಜೋಡಣೆಯನ್ನು ದೂರುವಂತಿಲ್ಲ. ಹತ್ತರಲ್ಲೂ ಪಕ್ಕದ ಅದೇ ಪೊಟ್ಟಣ ಸ್ಪಷ್ಟವಾಗಿದ್ದರೆ ಹಿಂಬದಿಯ ಪರದೆಯ ಲೈವ್ ವ್ಯೂನಲ್ಲಿ ಮತ್ತೆ ತೆಗೆಯಿರಿ. ಆಗ ಸಾಮಾನ್ಯವಾಗಿ ಚಿತ್ರ ಹಿಡಿಯುವ ಸಂವೇದಕವೇ ಫೋಕಸ್ ಅಳೆಯುತ್ತದೆ. ಅಲ್ಲಿ ಸರಿಯಾಗಿ ಬಂದರೆ ಜೋಡಣೆ ತಪ್ಪಿರುವುದು ಬಹುಮಟ್ಟಿಗೆ ಖಚಿತ. ಕೆಲವು ಮಾದರಿಗಳ ಮೆನುವಿನಲ್ಲೇ ಇದನ್ನು ಸರಿಪಡಿಸಬಹುದು. ಉಳಿದವು ದುರಸ್ತಿಗೆ ಹೋಗಬೇಕು. ಕನ್ನಡಿಯಿಲ್ಲದ ಹೊಸ ಕ್ಯಾಮೆರಾಗಳಲ್ಲಿ ಎರಡು ಕೆಲಸವನ್ನೂ ಒಂದೇ ಸಂವೇದಕ ಮಾಡುವುದರಿಂದ ಈ ತೊಂದರೆ ಹೆಚ್ಚಾಗಿ ಬಾರದು.

ನಮ್ಮ ಟಿವಿ ಛಾಯಾಗ್ರಾಹಕರು ಕಣ್ಣಿನವರೆಗೆ ಜೂಮ್ ಮಾಡಿ, ಕೈಯಿಂದ ಫೋಕಸ್ ಹಿಡಿದು, ಹಿಂದೆ ಸರಿಯುವುದನ್ನು ನೋಡಿ ನೀವೂ ಹಾಗೆ ಮಾಡಬೇಡಿ. ಆ ಲೆನ್ಸುಗಳ ರಚನೆಯೇ ಬೇರೆ. ಸ್ಟಿಲ್ ಕ್ಯಾಮೆರಾದ ಹಲವು ಜೂಮ್ ಲೆನ್ಸುಗಳಲ್ಲಿ ಹಿಂದೆ ಸರಿದಾಗ ಫೋಕಸ್ ಕದಲುತ್ತದೆ.

ಇನ್ನು ಧಾರೆಯ ವಿಷಯ. ಮಂಟಪದಲ್ಲಿ ಹೋಮದ ಹೊಗೆ ಅಂಚುಗಳನ್ನು ಮಬ್ಬಾಗಿಸುತ್ತದೆ. ಅಕ್ಷತೆ ಬಿದ್ದ ಕ್ಷಣ ನಿರಂತರ ಕ್ರಮದಲ್ಲಿರುವ ಕ್ಯಾಮೆರಾ ಹುಡುಗಿಯನ್ನು ಬಿಟ್ಟು ಹಾರುವ ಅಕ್ಕಿಕಾಳಿನ ಬೆನ್ನುಹತ್ತಬಹುದು. ಗಟ್ಟಿಮೇಳಕ್ಕೆ ಸ್ವಲ್ಪ ಮೊದಲು ಒಂದೇ ಬಿಂದುವನ್ನು ಆರಿಸಿ, ಆಕೆಯ ಬಾಸಿಂಗದ ಅಂಚಿಗೋ ಕಣ್ಣಿಗೋ ಫೋಕಸ್ ಹಿಡಿದು, ಲೆನ್ಸಿನ ಸ್ವಿಚ್ಚನ್ನು ಮ್ಯಾನ್ಯುಯಲ್‌ಗೆ ತಳ್ಳಿ, ಅಪರ್ಚರನ್ನು ಎಫ್ 5.6ರ ಸುಮಾರಿಗೆ ಇಟ್ಟು, ನಿಂತ ಜಾಗದಿಂದ ಕದಲದೆ ನಾಲ್ಕಾರು ಚಿತ್ರ ತೆಗೆಯಿರಿ.